ಸಿನಿಮಾದ ಮಹಾವೀರರು ದೇವರ ಜೊತೆ ಜಗಳ ಆಡೋದನ್ನ ಯಾಕೆ ಬಿಟ್ಟರು?

2004ರ ‘ಟ್ರಾಯ್’ ಸಿನಿಮಾ ನೋಡಿದವರಿಗೆ ಈ ದೃಶ್ಯ ಖಂಡಿತ ನೆನಪಿರುತ್ತದೆ. ಗ್ರೀಕ್ ವೀರ ಅಕಿಲೀಸ್ ಪಾತ್ರದ ಬ್ರಾಡ್ ಪಿಟ್ ಸಮುದ್ರದ ದಂಡೆಗೆ ಇಳಿಯುತ್ತಾನೆ, ಅವನ ಜನ ಅಪೋಲೋ ದೇವರ ಗುಡಿ ಲೂಟಿ ಮಾಡುತ್ತಾರೆ, ಅವನು ಕತ್ತಿ ಬೀಸಿ ಅಪೋಲೋನ ಮೂರ್ತಿಯ ತಲೆ ಹಾರಿಸುತ್ತಾನೆ. ಇನ್ನೊಂದು ಕಡೆ 2023ರ ‘ಆದಿಪುರುಷ್’. ಅದು ತೆರೆಗೆ ಬರುವ ಮುಂಚೆ ಚಿತ್ರತಂಡ ಒಂದು ಘೋಷಣೆ ಮಾಡಿತ್ತು. ಪ್ರತಿ ಥಿಯೇಟರಿನಲ್ಲೂ ಹನುಮಂತನಿಗೆ ಅಂತ ಒಂದು ಸೀಟು ಖಾಲಿ ಬಿಡಬೇಕು ಎಂದು. ಅಲ್ಲಿ ನಾಯಕ ದೇವರ ತಲೆ ತೆಗೆಯುತ್ತಾನೆ, ಇಲ್ಲಿ ಥಿಯೇಟರೇ ಗುಡಿಯಾಗುತ್ತದೆ.

ನೋಡೋದಕ್ಕೆ ಎರಡೂ ಪೂರ್ತಿ ಬೇರೆ ದಾರಿ. ಆದರೆ ನನಗೆ ಎರಡೂ ಒಂದೇ ತಪ್ಪು ಮಾಡಿವೆ ಅನ್ನಿಸುತ್ತದೆ. ಎರಡೂ ಮಹಾಕಾವ್ಯದ ನಾಯಕನನ್ನು ಎದುರಿಗೆ ನಿಲ್ಲಿಸಿಕೊಂಡು, ನೀನು ದೇವರನ್ನು ನಂಬುತ್ತೀಯೋ ಇಲ್ಲವೋ, ಒಂದೇ ಮಾತಲ್ಲಿ ಹೇಳು ಅಂತ ಕೇಳುತ್ತವೆ. ಮೂಲ ಕಾವ್ಯಗಳಲ್ಲಿ ಈ ಪ್ರಶ್ನೆಯನ್ನು ಹೀಗೆ ಯಾರೂ ಕೇಳುವುದಿಲ್ಲ. ಅಲ್ಲಿ ದೇವರು ಇದ್ದಾನೆ, ಓಡಾಡುತ್ತಾನೆ, ಮಾತಾಡುತ್ತಾನೆ. ನಾಯಕ ಅವನ ಮಾತು ಕೇಳುತ್ತಾನೆ, ಬೈಯುತ್ತಾನೆ, ಹರಕೆ ಹೊರುತ್ತಾನೆ, ಅನುಮಾನ ಪಡುತ್ತಾನೆ, ಮತ್ತೆ ಹೋಗಿ ಕಾಲು ಹಿಡಿಯುತ್ತಾನೆ. ನಮ್ಮ ಕಡೆ ಮಳೆ ಕೈಕೊಟ್ಟು ತೊಗರಿ ಒಣಗಿದರೆ ಹೊಲದ ಬದುವಿನ ಮೇಲೆ ನಿಂತ ಅಜ್ಜಿ ‘ಯಪ್ಪಾ ಶರಣಬಸಪ್ಪ, ಕಣ್ಣು ಮುಚ್ಚಿ ಕುಂತೀಯೇನು, ನಿನಗ ಕಾಣವಲ್ದೇನು’ ಅಂತ ಗದರುತ್ತಾಳೆ. ಅವಳನ್ನು ನಾಸ್ತಿಕಳು ಅಂತ ಯಾರೂ ಅನ್ನುವುದಿಲ್ಲ. ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ ಎಸೆಯುವವಳೂ ಅವಳೇ. ಮಹಾಕಾವ್ಯದ ವೀರರ ಭಕ್ತಿ ಈ ಅಜ್ಜಿಯ ಭಕ್ತಿಗೆ ಹತ್ತಿರ.

ಈ ಮಾತು ಈಗ ಯಾಕೆ ಅಂದರೆ, 2026ಕ್ಕೆ ಇಂಥ ಎರಡು ಭಾರಿ ಸಿನಿಮಾ ಘೋಷಣೆಯಾಗಿವೆ. ಗ್ರೀಕ್ ಕವಿ ಹೋಮರನ ಕಾವ್ಯದ ಮೇಲೆ ಕ್ರಿಸ್ಟೋಫರ್ ನೋಲನ್ ಅವರ ‘ದಿ ಒಡಿಸ್ಸಿ’ ಜುಲೈಗೆ, ನಿತೇಶ್ ತಿವಾರಿ ಅವರ ‘ರಾಮಾಯಣ’ದ ಮೊದಲ ಭಾಗ ದೀಪಾವಳಿಗೆ. ಎರಡನೆಯದರಲ್ಲಿ ನಮ್ಮ ಯಶ್ ರಾವಣ, ನಿರ್ಮಾಪಕರಲ್ಲೂ ಒಬ್ಬರು. ಕಲಬುರಗಿಯಲ್ಲಿ ಇಂಥ ಸಿನಿಮಾ ಬಂದರೆ ಮಾತು ಜೋರಾಗಿಯೇ ಇರುತ್ತದೆ. ಕನ್ನಡ, ಹಿಂದಿ, ತೆಲುಗು ಮೂರನ್ನೂ ಸಲೀಸಾಗಿ ನೋಡುವ ಊರು ಇದು. ಮನೆಯಲ್ಲಿ ದಖನಿ ಮಾತಾಡುವವರು, ಬೀದರ್ ಕಡೆಯಿಂದ ಬಂದ ಮರಾಠಿ ಮಾತಿನವರು, ಸೇಡಂ ಕಡೆಯ ತೆಲುಗಿನವರು ಎಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಆಟ ಬಿಟ್ಟ ಮೇಲೆ ಚಹಾದಂಗಡಿಯಲ್ಲಿ ವಾದ ಶುರು. ‘ರಾಮನ್ನ ಹಿಂಗ ತೋರಿಸಬಾರದಿತ್ತು’ ಅಂತ ಒಬ್ಬರು, ‘ರಾವಣ ಶಿವಭಕ್ತ ಅಲ್ಲೇನ್ರಿ, ಅವನನ್ನ ಯಾಕ ಬರೀ ರಾಕ್ಷಸ ಮಾಡ್ಯಾರ’ ಅಂತ ಇನ್ನೊಬ್ಬರು. ವಾದ ಒಳ್ಳೆಯದೇ. ಆದರೆ ಆ ವಾದವೂ ಈಚೀಚೆಗೆ ‘ಇದು ಧರ್ಮದ ಪರ, ಇದು ಧರ್ಮದ ವಿರೋಧ’ ಅನ್ನುವ ಎರಡೇ ಖಾನೆಯಲ್ಲಿ ಸಿಕ್ಕಿಕೊಳ್ಳುತ್ತಿದೆ. ಅದಕ್ಕೇ ಮೂಲದಲ್ಲಿ ಏನಿದೆ, ಸಿನಿಮಾ ಏನು ಮಾಡಿತು, ಯಾಕೆ ಮಾಡಿತು ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಅಕಿಲೀಸನಿಂದಲೇ ಶುರು ಮಾಡುತ್ತೇನೆ. ಗ್ರೀಕರು ಟ್ರಾಯ್ ನಗರಕ್ಕೆ ಮುತ್ತಿಗೆ ಹಾಕಿದ ಕಾಲದ ಕಥೆ ಹೋಮರನ ‘ಇಲಿಯಡ್’. ಅದು ಆರಂಭವಾಗುವುದೇ ಒಬ್ಬ ಪೂಜಾರಿಗೆ ಆದ ಅವಮಾನದಿಂದ. ಅಪೋಲೋನ ಪೂಜಾರಿ ಕ್ರೈಸೀಸ್ ಸೆರೆಯಲ್ಲಿರುವ ಮಗಳನ್ನು ಬಿಡಿಸಿಕೊಳ್ಳಲು ಬರುತ್ತಾನೆ. ಗ್ರೀಕ್ ದಂಡಿನ ರಾಜ ಅಗಮೆಮ್ನಾನ್ ಬೈದು ಓಡಿಸುತ್ತಾನೆ. ಅಪೋಲೋಗೆ ಸಿಟ್ಟು ಬಂದು ದಂಡಿನೊಳಗೆ ಪಿಡುಗು ಹರಡುತ್ತಾನೆ, ಒಂಬತ್ತು ದಿನ ಹೆಣಗಳು ಉರಿಯುತ್ತವೆ. ಹತ್ತನೇ ದಿನ ಸಭೆ ಕರೆಯುವವನು ಯಾರು? ಅಕಿಲೀಸ್. ದೇವರಿಗೆ ಯಾಕೆ ಕೋಪ ಬಂದಿದೆ, ಪೂಜಾರಿಯನ್ನೋ ಕಣಿ ಹೇಳುವವರನ್ನೋ ಕೇಳೋಣ ಅನ್ನುವವನೂ ಅವನೇ. ಕಣಿ ಹೇಳುವ ಕಾಲ್ಕಸ್ ರಾಜನಿಗೆ ಹೆದರಿ ಹಿಂದೆ ಮುಂದೆ ನೋಡುತ್ತಾನೆ. ನಾನು ಬದುಕಿರುವ ತನಕ ನಿನ್ನ ಮೈ ಯಾರೂ ಮುಟ್ಟುವುದಿಲ್ಲ, ಹೇಳು ಅಂತ ಬೆನ್ನಿಗೆ ನಿಲ್ಲುವವನು ಮತ್ತೆ ಅಕಿಲೀಸ್. ಕಾವ್ಯದಲ್ಲಿ ಪೂಜಾರಿಯ ಪರ ನಿಂತವನನ್ನು ಸಿನಿಮಾ ತಂದು ಗುಡಿ ಕೆಡವುವವನನ್ನಾಗಿ ಮಾಡಿದೆ.

ಹಾಗಂತ ಕಾವ್ಯದ ಅಕಿಲೀಸ್ ತಲೆ ಬಗ್ಗಿಸಿಕೊಂಡು ಕೂತ ಭಕ್ತನೂ ಅಲ್ಲ. ಅಗಮೆಮ್ನಾನನ ಮೇಲೆ ಕತ್ತಿ ಹಿರಿಯುವಾಗ ಅಥೀನಾ ದೇವಿ ಹಿಂದಿನಿಂದ ಬಂದು ಅವನ ಕೂದಲು ಹಿಡಿದು ಜಗ್ಗುತ್ತಾಳೆ. ಅವನು ತಿರುಗಿ, ಈಗ ಯಾಕೆ ಬಂದೆ ಅಂತ ಸಿಡುಕುತ್ತಾನೆ. ಆಮೇಲೆ, ದೇವತೆಗಳ ಮಾತು ಕೇಳಿದರೆ ಅವರೂ ನಮ್ಮ ಮಾತು ಕೇಳುತ್ತಾರೆ ಅಂತ ಕತ್ತಿಯನ್ನು ಒರೆಗೆ ಹಾಕುತ್ತಾನೆ. ಕೊನೆಕೊನೆಗೆ ಅಪೋಲೋ ಅವನಿಗೆ ಮೋಸ ಮಾಡಿ ಬೇರೆ ದಿಕ್ಕಿಗೆ ಓಡಿಸಿದಾಗ, ನನ್ನ ಕೈಲಿ ಆಗಿದ್ದರೆ ನಿನಗೆ ಇದರ ಸೇಡು ತೀರಿಸುತ್ತಿದ್ದೆ ಅಂತ ದೇವರ ಮುಖಕ್ಕೇ ಹೇಳುತ್ತಾನೆ. ಇದು ಮೂರ್ತಿಯ ತಲೆ ಕಡಿಯುವುದಕ್ಕಿಂತ ದೊಡ್ಡ ಧೈರ್ಯ ಅಲ್ವಾ? ಮೂರ್ತಿ ತಿರುಗಿ ಹೊಡೆಯುವುದಿಲ್ಲ, ಈ ಅಪೋಲೋ ಹೊಡೆಯುತ್ತಾನೆ.

ನನಗೆ ಬಹಳ ಇಷ್ಟವಾದ ಭಾಗ ಹದಿನಾರನೇ ಅಧ್ಯಾಯದಲ್ಲಿದೆ. ಪ್ರಾಣಸ್ನೇಹಿತ ಪೆಟ್ರೋಕ್ಲಸ್ ತನ್ನ ಬದಲಿಗೆ ಯುದ್ಧಕ್ಕೆ ಹೊರಟಿದ್ದಾನೆ. ಅಕಿಲೀಸ್ ಡೇರೆಯ ಒಳಗೆ ಹೋಗಿ ಅಮ್ಮ ಕೊಟ್ಟ ಪೆಟ್ಟಿಗೆ ತೆರೆಯುತ್ತಾನೆ. ಅದರಲ್ಲಿ ಒಂದು ಬಟ್ಟಲು. ಅದರಲ್ಲಿ ಬೇರೆ ಯಾರೂ ಕುಡಿಯುವ ಹಾಗಿಲ್ಲ, ದೇವತೆಗಳ ರಾಜ ಜ್ಯೂಸ್‌ಗೊಬ್ಬನಿಗೆ ಬಿಟ್ಟು ಬೇರೆ ಯಾರಿಗೂ ಅದರಿಂದ ನೈವೇದ್ಯ ಇಲ್ಲ. ಅದನ್ನು ಗಂಧಕದಿಂದ ಶುದ್ಧ ಮಾಡುತ್ತಾನೆ, ನೀರಿನಿಂದ ತೊಳೆಯುತ್ತಾನೆ, ತನ್ನ ಕೈ ತೊಳೆಯುತ್ತಾನೆ, ಮದ್ಯ ತುಂಬಿ ಅಂಗಳದ ನಡುವೆ ನಿಂತು ಆಕಾಶ ನೋಡಿ ಬೇಡಿಕೊಳ್ಳುತ್ತಾನೆ. ಎರಡು ಬೇಡಿಕೆ. ಹಡಗುಗಳಿಂದ ಶತ್ರುಗಳನ್ನು ಪೆಟ್ರೋಕ್ಲಸ್ ಓಡಿಸಲಿ, ಮತ್ತು ಅವನು ಸುರಕ್ಷಿತವಾಗಿ ತಿರುಗಿ ಬರಲಿ. ಜ್ಯೂಸ್ ಒಂದಕ್ಕೆ ಹೂಂ ಅಂದ, ಇನ್ನೊಂದಕ್ಕೆ ಇಲ್ಲ ಅಂತ ತಲೆ ಆಡಿಸಿದ ಅಂತ ಹೋಮರ್ ಹೇಳುತ್ತಾನೆ. ಅಕಿಲೀಸ್‌ಗೆ ಅದು ಗೊತ್ತಿಲ್ಲ. ಬಟ್ಟಲನ್ನು ಮತ್ತೆ ಪೆಟ್ಟಿಗೆಯಲ್ಲಿ ಇಟ್ಟು ಹೊರಗೆ ಬಂದು ನಿಂತು ಯುದ್ಧ ನೋಡುತ್ತಾನೆ. ಈ ಒಂದು ದೃಶ್ಯ ತೆಗೆದರೆ ಸಾಕಿತ್ತು, ಸಿನಿಮಾ ಎಲ್ಲಿಗೋ ಹೋಗುತ್ತಿತ್ತು. ಅದು ಅಲ್ಲಿಲ್ಲ.

ಟ್ರಾಯ್ ಕಡೆಯ ವೀರ, ಅಲ್ಲಿನ ರಾಜನ ಮಗ ಹೆಕ್ಟರನ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಬದಲಾವಣೆ ಆಗಿದೆ. ಸಿನಿಮಾದಲ್ಲಿ ಅವನು ವಿಚಾರವಾದಿ. ಹಕ್ಕಿ ಶಕುನ ನೋಡಿ ಯುದ್ಧ ಮಾಡುತ್ತೀರಾ ಅಂತ ಪೂಜಾರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಇದನ್ನು ಬರೆದವರು ಸುಮ್ನೆ ಹುಟ್ಟಿಸಿದ್ದಲ್ಲ. ಇಲಿಯಡ್‌ನಲ್ಲೂ ಹೆಕ್ಟರ್ ಹಕ್ಕಿ ಶಕುನವನ್ನು ತಳ್ಳಿಹಾಕುತ್ತಾನೆ, ನಾಡಿಗಾಗಿ ಹೋರಾಡುವುದೇ ಎಲ್ಲಕ್ಕಿಂತ ಒಳ್ಳೆಯ ಶಕುನ ಅನ್ನುತ್ತಾನೆ. ಆದರೆ ಯಾವ ಧೈರ್ಯದ ಮೇಲೆ? ಅದಕ್ಕೂ ಮುಂಚೆ ಜ್ಯೂಸ್ ದೂತೆಯನ್ನು ಕಳಿಸಿ, ಇವತ್ತು ಗೆಲುವು ನಿನ್ನದು ಅಂತ ಮಾತು ಕೊಟ್ಟಿರುತ್ತಾನೆ. ದೊಡ್ಡ ದೇವರ ಮಾತಿದೆ, ಹಕ್ಕಿಯ ಮಾತು ಯಾಕೆ ಅನ್ನುವುದು ಹೆಕ್ಟರನ ಲೆಕ್ಕ. ಆ ಮಾತು ಒಂದು ದಿನಕ್ಕೆ ಮಾತ್ರ ಅನ್ನುವುದನ್ನು ಅವನು ಮರೆಯುತ್ತಾನೆ, ಅಲ್ಲೇ ಅವನ ದುರಂತ ಇರೋದು. ಸಿನಿಮಾ ಅವನ ಅಪನಂಬಿಕೆಯನ್ನು ಇಟ್ಟುಕೊಂಡು ಅದರ ಕೆಳಗಿದ್ದ ನಂಬಿಕೆಯನ್ನು ಬಿಟ್ಟಿದೆ. ಹೊಟ್ಟೆಯೊಳಗೆ ಗ್ರೀಕ್ ಸೈನಿಕರು ಅಡಗಿದ್ದ ಮರದ ಕುದುರೆಯ ಕಥೆಯಲ್ಲೂ ಅಷ್ಟೆ. ಸಿನಿಮಾದಲ್ಲಿ ಪೂಜಾರಿಯ ಮಾತು ಕೇಳಿ ಕುದುರೆಯನ್ನು ಕೋಟೆಯೊಳಗೆ ತರುತ್ತಾರೆ. ರೋಮನ್ ಕವಿ ವರ್ಜಿಲನ ‘ಈನಿಯಡ್’ನಲ್ಲಿ ಅದನ್ನು ಒಳಗೆ ತರಬೇಡಿ ಅಂತ ಬೇಡಿಕೊಳ್ಳುವ ಲಾವೊಕೂನ್ ಸ್ವತಃ ಪೂಜಾರಿ. ಸಮುದ್ರದಿಂದ ಎದ್ದ ಹಾವುಗಳು ಅವನನ್ನೂ ಮಕ್ಕಳನ್ನೂ ಕೊಲ್ಲುತ್ತವೆ, ಜನ ಅದನ್ನೇ ದೇವರ ತೀರ್ಪು ಅಂದುಕೊಳ್ಳುತ್ತಾರೆ. ಅಂದರೆ ಕಾವ್ಯದಲ್ಲಿ ಪೂಜಾರಿ ಸರಿ, ದೇವತೆಗಳು ಕ್ರೂರ. ಸಿನಿಮಾದಲ್ಲಿ ದೇವತೆಗಳೇ ಇಲ್ಲ, ಪೂಜಾರಿ ಪೆದ್ದ.

ಯಾಕೆ ಹೀಗೆ ಮಾಡುತ್ತಾರೆ? ಕೈಗೆ ಸಿಗುವ ಕಾರಣ ಒಂದಿದೆ. ಮಣ್ಣು, ರಕ್ತ, ಬೆವರು ಎಲ್ಲ ನಿಜ ಅನ್ನಿಸುವಂತೆ ತೆಗೆದ ಯುದ್ಧದ ನಡುವೆ ದೇವರು ಇಳಿದು ಬಂದರೆ ಇವತ್ತಿನ ಪ್ರೇಕ್ಷಕ ನಗಬಹುದು ಅನ್ನುವ ಭಯ. 1981ರ ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ನಲ್ಲಿ ಲಾರೆನ್ಸ್ ಒಲಿವಿಯರ್ ಅಂಥ ದೊಡ್ಡ ನಟ ಜ್ಯೂಸ್ ಆಗಿ ಸಿಂಹಾಸನದ ಮೇಲೆ ಕೂತಿದ್ದರು, ಜನ ನೋಡಿದರು. 2010ರಲ್ಲಿ ಅದೇ ಕಥೆ ಮತ್ತೆ ಬಂದಾಗ ಮನುಷ್ಯರು ದೇವತೆಗಳ ವಿರುದ್ಧ ದಂಗೆ ಎದ್ದಿದ್ದಾರೆ, ನಾಯಕ ಪರ್ಸಿಯಸ್‌ಗೆ ದೇವತೆಗಳೆಂದರೆ ದ್ವೇಷ. ಗ್ರೀಕ್ ಕಥೆಯಲ್ಲಿ ಅವನು ಹೆಜ್ಜೆಹೆಜ್ಜೆಗೂ ಅಥೀನಾ, ಹರ್ಮೀಸ್ ಸಹಾಯ ಪಡೆದವನು. ಕೈಗೆ ಸಿಗದ ಕಾರಣ ಇನ್ನೊಂದು ಇದೆ, ಅದು ಆಳವಾದದ್ದು. ಪಶ್ಚಿಮದ ಇವತ್ತಿನ ಪ್ರೇಕ್ಷಕನಿಗೆ ನಾಯಕ ಅಂದರೆ ಯಾರ ಮಾತನ್ನೂ ಕೇಳದವನು. ಅಮ್ಮನ ಮೂಲಕ ಜ್ಯೂಸ್ ಹೇಳಿ ಕಳಿಸಿದ ಅಂತ ಅಕಿಲೀಸ್ ತಾನು ಕೊಂದ ಹೆಕ್ಟರನ ಹೆಣ ಹಿಂದಿರುಗಿಸಲು ಒಪ್ಪುತ್ತಾನೆ ಅಂದರೆ ಅವನ ತೂಕ ಕಡಿಮೆಯಾಯಿತು ಅಂದುಕೊಳ್ಳುತ್ತಾರೆ. ಕಾವ್ಯದಲ್ಲಿ ಅಪ್ಪಣೆ ಬಂದಿರುತ್ತದೆ, ಅದರ ಮೇಲೆ ಹೆಕ್ಟರನ ಅಪ್ಪ, ಮುದುಕ ಪ್ರಿಯಾಮ್ ಬಂದು ಕೈಗೆ ಮುತ್ತಿಟ್ಟಾಗ ಅಕಿಲೀಸನ ಎದೆಯೂ ಕರಗುತ್ತದೆ. ಎರಡೂ ಒಟ್ಟಿಗೆ ಇರಬಹುದು ಅನ್ನುವುದೇ ಹೋಮರನ ದೊಡ್ಡತನ.

‘ಬೇವುಲ್ಫ್’ ಬಗ್ಗೆ ಒಂದೆರಡು ಮಾತು ಸಾಕು. ಹಳೆಯ ಇಂಗ್ಲಿಷಿನ ಆ ಕಾವ್ಯದ ಹಸ್ತಪ್ರತಿ ಸುಮಾರು ಸಾವಿರ ವರ್ಷ ಹಳೆಯದು, ಬ್ರಿಟಿಷ್ ಲೈಬ್ರರಿಯಲ್ಲಿದೆ. ಕವಿ ಕ್ರೈಸ್ತ, ಕಥೆಯ ಜನ ಕ್ರೈಸ್ತರಲ್ಲ. ನಾಯಕ ಆಯುಧವಿಲ್ಲದೆ ರಾಕ್ಷಸ ಗ್ರೆಂಡೆಲ್ ಎದುರು ನಿಂತು, ಗೆಲುವು ಯಾರಿಗೆ ಅಂತ ದೇವರು ತೀರ್ಮಾನಿಸಲಿ ಅನ್ನುತ್ತಾನೆ. ತನ್ನ ವೀರರು ಮಾಡುವ ಹಳೆಯ ಪೂಜೆ ಕಂಡು ಕವಿ ಮರುಗುತ್ತಾನೆ, ಆದರೂ ಅವರನ್ನು ಪ್ರೀತಿಸುತ್ತಾನೆ. ರಾಬರ್ಟ್ ಝೆಮೆಕಿಸ್ ಅವರ 2007ರ ಸಿನಿಮಾದಲ್ಲಿ ಮುದುಕನಾದ ಬೇವುಲ್ಫ್, ಕ್ರಿಸ್ತನ ದೇವರು ಬಂದು ವೀರರ ಕಾಲವನ್ನು ಕೊಂದ ಅಂತ ಹಲುಬುತ್ತಾನೆ. ಕವಿಯ ಮರುಕ ಹೋಗಿ ಅದು ನಾಯಕನ ದೂರು ಆಗಿದೆ.

ಈಗ ನಮ್ಮ ಕಡೆ ಬರೋಣ. ಇಲ್ಲಿ ತಪ್ಪು ಉಲ್ಟಾ ಆಗಿದೆ.

ಕರ್ಣನನ್ನು ತಗೊಳ್ಳಿ. ವ್ಯಾಸಭಾರತದ ಕರ್ಣಪರ್ವದಲ್ಲಿ ರಥದ ಚಕ್ರ ಹೂತುಹೋಗಿದೆ, ಕಲಿತ ಅಸ್ತ್ರ ನೆನಪಿಗೆ ಬರುತ್ತಿಲ್ಲ. ಆಗ ಕರ್ಣ ಕೈ ಕೊಡವಿ ಧರ್ಮವನ್ನೇ ಬೈಯುತ್ತಾನೆ. ಧರ್ಮವನ್ನು ಹಿಡಿದವರನ್ನು ಧರ್ಮ ಕಾಯುತ್ತದೆ ಅಂತ ತಿಳಿದವರು ಹೇಳುತ್ತಾ ಬಂದರು, ನಾವು ಕೈಲಾದಷ್ಟು ಹಿಡಿದೆವು, ಆದರೂ ಅದು ನನ್ನನ್ನು ಕಾಯುತ್ತಿಲ್ಲ, ಯಾವಾಗಲೂ ಕಾಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಹೆಚ್ಚು ಕಮ್ಮಿ ಇದೇ ಅರ್ಥದ ಮಾತು. ನಿತ್ಯ ಸೂರ್ಯನನ್ನು ಆರಾಧಿಸಿದವನು, ಬೇಡಿ ಬಂದವನು ಇಂದ್ರ ಅಂತ ಗೊತ್ತಿದ್ದೂ ಮೈಮೇಲಿನ ಕವಚ ಕೊಯ್ದು ಕೊಟ್ಟವನು ಸಾಯುವ ಹೊತ್ತಿಗೆ ಈ ಮಾತು ಆಡುತ್ತಾನೆ. ಅದಕ್ಕೆ ಕೃಷ್ಣನ ಉತ್ತರವೂ ಸುಲಭದ್ದಲ್ಲ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ನಿನ್ನ ಧರ್ಮ ಎಲ್ಲಿ ಹೋಗಿತ್ತು ಅಂತ ಒಂದೊಂದೇ ಎತ್ತಿ ಕೇಳುತ್ತಾನೆ. ಕರ್ಣ ನಾಚಿ ತಲೆ ತಗ್ಗಿಸುತ್ತಾನೆ, ಉತ್ತರ ಕೊಡುವುದಿಲ್ಲ. ಅನುಮಾನ ಇದೆ, ಅನುಮಾನಕ್ಕೆ ಪೆಟ್ಟೂ ಇದೆ.

ನಮ್ಮವರೇ ಆದ ಬಿ.ಆರ್. ಪಂತುಲು ಅವರು 1964ರಲ್ಲಿ ತಮಿಳಿನಲ್ಲಿ ‘ಕರ್ಣನ್’ ಮಾಡಿದರು. ಶಿವಾಜಿ ಗಣೇಶನ್ ಕರ್ಣ, ಎನ್.ಟಿ. ರಾಮರಾವ್ ಕೃಷ್ಣ. ಬಾಣ ನೆಟ್ಟು ಬಿದ್ದ ಕರ್ಣನ ಹತ್ತಿರ ಕೃಷ್ಣ ಬ್ರಾಹ್ಮಣನ ವೇಷದಲ್ಲಿ ಬಂದು ಅವನು ಮಾಡಿದ ಪುಣ್ಯವನ್ನೆಲ್ಲ ದಾನ ಕೇಳುತ್ತಾನೆ, ಕರ್ಣ ರಕ್ತವನ್ನೇ ಧಾರೆ ಎರೆದು ಕೊಡುತ್ತಾನೆ. ಆ ದೃಶ್ಯ ನೋಡಿ ಅಳದವರು ಕಡಿಮೆ. ಅದಕ್ಕೆ ಮೂಲ ವಿಲ್ಲಿಪುತ್ತೂರಾರ್ ಬರೆದ ತಮಿಳು ಭಾರತ, ಅದೂ ದೊಡ್ಡ ಪರಂಪರೆಯೇ. ನನ್ನ ತಕರಾರು ಆ ದೃಶ್ಯದ ಮೇಲಲ್ಲ. ಆಮೇಲೆ ಬಂದ ಟಿವಿ, ಸಿನಿಮಾ ಎಲ್ಲ ಅದನ್ನೊಂದನ್ನೇ ಹಿಡಿದುಕೊಂಡವು, ಧರ್ಮವನ್ನು ಬೈದ ಕರ್ಣ ಜನರ ನೆನಪಿನಿಂದಲೇ ಜಾರಿಹೋದ. ಇದು ನನಗೆ ನಷ್ಟ ಅನ್ನಿಸುತ್ತದೆ.

ರಾಮನ ವಿಷಯದಲ್ಲಿ ನಷ್ಟ ಇನ್ನೂ ಜಾಸ್ತಿ. ವಾಲ್ಮೀಕಿಯ ರಾಮ ಚಿತ್ರಕೂಟದಲ್ಲಿ ಇದ್ದಾಗ ಅಪ್ಪ ತೀರಿಕೊಂಡ ಸುದ್ದಿ ಭರತನಿಂದ ಬರುತ್ತದೆ. ಮಂದಾಕಿನಿಗೆ ಇಳಿದು ತರ್ಪಣ ಬಿಡುತ್ತಾನೆ. ಪಿಂಡಕ್ಕೆ ಏನಿದೆ ಕಾಡಿನಲ್ಲಿ? ಇಂಗುದಿ ಕಾಯಿಯ ಹಿಂಡಿ, ಅದಕ್ಕೆ ಬಾರೆ ಹಣ್ಣು ಕಲಸಿ, ದರ್ಭೆಯ ಮೇಲೆ ಇಡುತ್ತಾನೆ. ನಾವು ಈಗ ಇದನ್ನೇ ತಿನ್ನುತ್ತಿದ್ದೇವೆ, ಮನುಷ್ಯ ಏನು ತಿನ್ನುತ್ತಾನೋ ಅವನ ದೇವತೆಗಳೂ ಅದನ್ನೇ ತಿನ್ನುತ್ತಾರೆ, ಸ್ವೀಕರಿಸು ಅಂತ ಅಪ್ಪನಿಗೆ ಹೇಳುತ್ತಾನೆ. ಆಮೇಲೆ ಕೌಸಲ್ಯೆ ಆ ಹಿಂಡಿಯ ಪಿಂಡ ನೋಡಿ, ಅಂಥ ರಾಜನಿಗೆ ಇಂಥ ಊಟವಾ ಅಂತ ಅಳುತ್ತಾಳೆ. ಧರ್ಮದ ಬಗ್ಗೆ ರಾಮನ ಮನಸ್ಸು ಏನು ಅಂತ ಕೇಳಿದರೆ ನಾನು ಈ ಸಾಲು ತೋರಿಸುತ್ತೇನೆ. ಇಲ್ಲಿ ವೈಭವ ಇಲ್ಲ, ಮಂತ್ರದ ಅಬ್ಬರ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಇಟ್ಟು ಕರ್ತವ್ಯ ಮಾಡಿದ ಮಗ ಇದ್ದಾನೆ.

ಅದೇ ಚಿತ್ರಕೂಟದಲ್ಲಿ ಜಾಬಾಲಿ ಬರುತ್ತಾನೆ. ದಶರಥನ ಆಸ್ಥಾನದ ಬ್ರಾಹ್ಮಣ. ಸತ್ತವರು ಉಣ್ಣುವುದಿಲ್ಲ, ಶ್ರಾದ್ಧ ಅಂದರೆ ಅನ್ನ ಹಾಳು, ಕಣ್ಣಿಗೆ ಕಾಣುವುದನ್ನು ಹಿಡಿ, ರಾಜ್ಯ ತಗೋ ಅಂತ ರಾಮನಿಗೆ ವಾದ ಹೂಡುತ್ತಾನೆ. ರಾಮನಿಗೆ ಸಿಟ್ಟು ಬರುತ್ತದೆ, ಇಂಥವನನ್ನು ಹತ್ತಿರ ಇಟ್ಟುಕೊಂಡಿದ್ದೇ ನನ್ನ ಅಪ್ಪನ ತಪ್ಪು ಅನ್ನುವ ಮಟ್ಟಿಗೆ. ವಾಲ್ಮೀಕಿ ನಾಸ್ತಿಕನ ವಾದವನ್ನು ಪೂರ್ತಿ ಕೇಳಿಸುತ್ತಾನೆ, ಅದೂ ರಾಮನ ಎದುರಿಗೇ. ಸೀತೆ ಕಳೆದುಹೋದಾಗ ಇದೇ ರಾಮ, ದೇವತೆಗಳು ಅವಳನ್ನು ತಂದುಕೊಡದಿದ್ದರೆ ಮೂರು ಲೋಕವನ್ನೂ ಉಳಿಸುವುದಿಲ್ಲ ಅಂತ ಬಿಲ್ಲು ಎತ್ತುತ್ತಾನೆ, ಲಕ್ಷ್ಮಣ ಸಮಾಧಾನ ಮಾಡಬೇಕಾಗುತ್ತದೆ. ಯುದ್ಧ ಮುಗಿದ ಮೇಲೆ ದೇವತೆಗಳು ಬಂದು ನೀನು ಯಾರು ಅಂತ ಗೊತ್ತಿಲ್ಲವಾ ಅಂದರೆ, ನಾನು ದಶರಥನ ಮಗ ರಾಮ, ಮನುಷ್ಯ ಅಂದುಕೊಂಡಿದ್ದೇನೆ ಅನ್ನುತ್ತಾನೆ. ಇಷ್ಟೆಲ್ಲ ಬಣ್ಣ ಇರುವ ಮನುಷ್ಯನನ್ನು ಸಿನಿಮಾದಲ್ಲಿ ಹುಡುಕಿದರೆ ಸಿಗುವುದು ಒಂದೇ ಮುಖ, ಮುಗುಳುನಗೆ ಮತ್ತು ಎತ್ತಿದ ಕೈ.

ಇದಕ್ಕೂ ಕಾರಣಗಳಿವೆ. 1987ರಲ್ಲಿ ದೂರದರ್ಶನದ ರಾಮಾಯಣ ಶುರುವಾದಾಗ ಜನ ಸ್ನಾನ ಮಾಡಿ ಟಿವಿಗೆ ಹೂವು ಏರಿಸಿ ಕೂತರು. ನೋಡುವುದೇ ಪೂಜೆಯಾಯಿತು. ಪೂಜೆಗೆ ಕೂತವನ ಮುಂದೆ ಅನುಮಾನ ಪಡುವ ರಾಮನನ್ನು ತರಲು ಯಾರಿಗೂ ಧೈರ್ಯ ಬರುವುದಿಲ್ಲ. ಅದರ ಮೇಲೆ ಕಾನೂನು ಇದೆ. ಧಾರ್ಮಿಕ ಭಾವನೆಗೆ ಬೇಕಂತಲೇ ಧಕ್ಕೆ ತಂದರೆ ಹಿಂದಿನ ದಂಡಸಂಹಿತೆಯ 295ಎ, ಈಗಿನ ನ್ಯಾಯಸಂಹಿತೆಯ 299. ಸೆನ್ಸಾರ್ ಮಂಡಳಿಯ ಮಾರ್ಗಸೂಚಿಯಲ್ಲೂ ಧರ್ಮಗಳನ್ನು ಹೀಯಾಳಿಸುವ ದೃಶ್ಯ, ಮಾತು ಇರಬಾರದು ಅಂತಿದೆ. ಕಾನೂನು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನೂರಾರು ಕೋಟಿ ಸುರಿದ ನಿರ್ಮಾಪಕ ಕೇಸಿನ ಭಯಕ್ಕೆ ಕಾವ್ಯದಲ್ಲೇ ಇರುವ ಸಿಟ್ಟನ್ನೂ ಕತ್ತರಿಸುತ್ತಾನೆ. ಆದಿಪುರುಷ್‌ಗೆ ಆದದ್ದು ನೋಡಿ. ಹನುಮಂತನ ಬಾಯಲ್ಲಿ ಬೀದಿ ಮಾತು ಹಾಕಿದ್ದಕ್ಕೆ ಗಲಾಟೆಯಾಗಿ, ಬಿಡುಗಡೆಯಾದ ಮೇಲೆ ಸಂಭಾಷಣೆ ಬದಲಾಯಿಸಿದರು, ಅಲಹಾಬಾದ್ ಹೈಕೋರ್ಟ್ ಚಿತ್ರತಂಡಕ್ಕೆ ಛೀಮಾರಿ ಹಾಕಿತು. ಆ ಸಂಭಾಷಣೆ ನಿಜಕ್ಕೂ ಕೆಟ್ಟದಾಗಿತ್ತು, ಜನ ಬೈದದ್ದು ಸರಿ. ಆದರೆ ಅದರಿಂದ ಉದ್ಯಮ ಕಲಿತ ಪಾಠ ‘ಚೆನ್ನಾಗಿ ಬರೆಯಬೇಕು’ ಅಂತಲ್ಲ, ‘ಇನ್ನೂ ಜೋರಾಗಿ ಕೈ ಮುಗಿಯಬೇಕು’ ಅಂತ ಆಗಿಬಿಟ್ಟರೆ ಕಷ್ಟ.

ಕಣ್ಣಪ್ಪ ಮಹಾಕಾವ್ಯದ ವೀರ ಅಲ್ಲ, ಪುರಾತನ ಶಿವಶರಣ. ಆದರೂ ಇಲ್ಲಿ ಅವನ ಮಾತು ಬರಲೇಬೇಕು. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ನಾಯಕರಾದರು, ಬೇಡ ನಾಯಕರು ಆಳಿದ ಸುರಪುರದ ಸೀಮೆಯಲ್ಲಿ ಆ ಹೆಸರಿಗೆ ಬೇರೆಯೇ ಪ್ರೀತಿ. 2025ರಲ್ಲಿ ತೆಲುಗಿನಲ್ಲಿ ವಿಷ್ಣು ಮಂಚು ‘ಕಣ್ಣಪ್ಪ’ ಮಾಡಿದರು. ಅದರಲ್ಲಿ ತಿನ್ನಡು (ಕಣ್ಣಪ್ಪನ ಮೊದಲಿನ ಹೆಸರು) ಮೊದಲು ದೇವರೇ ಇಲ್ಲ ಅನ್ನುವ ನಾಸ್ತಿಕ, ಆಮೇಲೆ ಪರಮಭಕ್ತ. ತಮಿಳಿನ ‘ಪೆರಿಯಪುರಾಣ’ದ ಬೇಡ ಹುಡುಗನಿಗೆ ಅಂಥ ಹಟವೇ ಇಲ್ಲ. ಬೆಟ್ಟದ ಮೇಲೆ ಲಿಂಗ ನೋಡಿದ, ಒಬ್ಬನೇ ಇದ್ದೀಯಲ್ಲಪ್ಪ ಅಂತ ಅಪ್ಪಿಕೊಂಡ. ಬಾಯಲ್ಲಿ ನೀರು, ಮುಡಿಯಲ್ಲಿ ಹೂವು, ರುಚಿ ನೋಡಿ ಆರಿಸಿದ ಮಾಂಸ ತಂದ. ಅವನಿಗೆ ಮಡಿ ಗೊತ್ತಿಲ್ಲ, ಅಷ್ಟೆ. ಕಥೆಯ ಜಗಳ ಇರುವುದು ಪೂಜಾರಿಯ ಪೂಜೆಗೂ ಬೇಡನ ಪೂಜೆಗೂ ನಡುವೆ. ನಾಸ್ತಿಕ ಆಸ್ತಿಕನಾದ ಕಥೆ ಮಾಡಿದ ಕೂಡಲೇ ಆ ಜಗಳ, ಅದರೊಳಗಿನ ಜಾತಿಯ ಪ್ರಶ್ನೆ, ಹಿಂದಕ್ಕೆ ಸರಿಯುತ್ತದೆ. ಇಲ್ಲಿ ಭಾರತೀಯ ಸಿನಿಮಾ ಮತ್ತೆ ಟ್ರಾಯ್‌ನ ಪ್ರಶ್ನೆಯನ್ನೇ ಕೇಳಿದೆ, ಉತ್ತರ ಮಾತ್ರ ಬೇರೆ.

ಹಳೆಯ ಕನ್ನಡ ಸಿನಿಮಾದಲ್ಲಿ ಇದಕ್ಕಿಂತ ಜಾಸ್ತಿ ಜಾಗ ಇತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ರಾಮಾಯಣವನ್ನು ಇಂದ್ರಜಿತುವಿನ ಮನೆಯಿಂದ ನೋಡಿತು. 1958ರ ‘ಭೂಕೈಲಾಸ’ದಲ್ಲಿ ರಾಜಕುಮಾರ್ ರಾವಣ, ಆತ್ಮಲಿಂಗಕ್ಕಾಗಿ ಒದ್ದಾಡುವ ಭಕ್ತ ರಾವಣ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅವರೇ ಹಿರಣ್ಯಕಶಿಪು. ಇಡೀ ಸಿನಿಮಾ ಹರಿಯ ಮೇಲಿನ ಅವನ ದ್ವೇಷದಿಂದ ಉರಿಯುತ್ತದೆ, ಮತ್ತೆ ಅವನಷ್ಟು ಹೊತ್ತು ಹರಿಯನ್ನು ನೆನೆದವರು ಆ ಅರಮನೆಯಲ್ಲಿ ಮಗನೊಬ್ಬನೇ. 1977ರ ‘ಬಭ್ರುವಾಹನ’ದಲ್ಲಿ ಮಗ ಅಪ್ಪ ಅರ್ಜುನನನ್ನು ರಣರಂಗದಲ್ಲಿ ಹಂಗಿಸುವ ಹಾಡು ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಇವತ್ತಿಗೂ ಬೇಕೇ ಬೇಕು. ನಿನ್ನ ಗೆಲುವು ನಿನ್ನದಲ್ಲ, ಸಾರಥಿ ಕೃಷ್ಣನದು ಅನ್ನುವ ಆ ಚುಚ್ಚುಮಾತಿನಲ್ಲಿ ಭಕ್ತಿಯೂ ಇದೆ, ಭಕ್ತನ ಮೇಲಿನ ಅನುಮಾನವೂ ಇದೆ. ಅದನ್ನು ಕೇಳಿ ಯಾರೂ ಕೋರ್ಟಿಗೆ ಹೋಗಲಿಲ್ಲ, ಚಪ್ಪಾಳೆ ಹೊಡೆದರು.

ಈ ಜಾಗ ಎಲ್ಲಿಂದ ಬಂತು ಅಂದರೆ ನಾನು ಸೇಡಂ ದಾರಿಯ ಮಳಖೇಡದ ಕಡೆ ಕೈ ತೋರಿಸುತ್ತೇನೆ. ಇವತ್ತು ಸಿಮೆಂಟಿಗೆ ಹೆಸರಾದ ಈ ಊರು, ಕಾಗಿಣಾ ದಂಡೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ಜೈನಾಚಾರ್ಯ ಜಿನಸೇನರ ಶಿಷ್ಯ. ಅದೇ ರಾಜ ನಾಡಿಗೆ ಬಂದ ಕಷ್ಟ ಹೋಗಲಿ ಅಂತ ಮಹಾಲಕ್ಷ್ಮಿಗೆ ತನ್ನ ಬೆರಳು ಕತ್ತರಿಸಿ ಕೊಟ್ಟ ಎಂದು ಸಂಜಾನ್ ತಾಮ್ರಶಾಸನ ಹೇಳುತ್ತದೆ. ಅವನ ಕಾಲದ ‘ಕವಿರಾಜಮಾರ್ಗ’ದಲ್ಲಿ ಬೇರೆಯವರ ವಿಚಾರವನ್ನೂ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತು ಅನ್ನುವ ಮಾತಿದೆ. ಇಂಥ ರಾಜನ ಮೇಲೆ ಸಿನಿಮಾ ತೆಗೆಯಿರಿ ಅಂದರೆ ಇವತ್ತಿನವರು ಮೊದಲು ಕೇಳುವುದು, ಅವನು ಜೈನನೋ ಹಿಂದೂವೋ ಅಂತ.

ರಾಷ್ಟ್ರಕೂಟರಿಗೆ ಸಾಮಂತರಾಗಿದ್ದ ವೇಮುಲವಾಡದ ಚಾಲುಕ್ಯರ ಆಸ್ಥಾನದಲ್ಲಿ ಪಂಪ ಇದ್ದ. ಹುಟ್ಟಿನಿಂದ ಜೈನ, ಬರೆದದ್ದು ಮಹಾಭಾರತ. ಒಂದು ಕಾವ್ಯದಲ್ಲಿ ಲೌಕಿಕವನ್ನು, ಇನ್ನೊಂದರಲ್ಲಿ ಜಿನಾಗಮವನ್ನು ಬೆಳಗುತ್ತೇನೆ ಅಂತ ಅವನೇ ಹೇಳಿಕೊಂಡ. ಭಾರತ ಅವನಿಗೆ ಲೌಕಿಕ. ಅವನ ಅರ್ಜುನ ಆಶ್ರಯದಾತ ಅರಿಕೇಸರಿಯ ಇನ್ನೊಂದು ರೂಪ, ಆದರೂ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಅಂದವನೂ ಅವನೇ. ಕೆಲವು ಶತಮಾನದ ಮೇಲೆ ಗದುಗಿನ ಕುಮಾರವ್ಯಾಸ ಅದೇ ಭಾರತವನ್ನು ಕೃಷ್ಣನ ಕಥೆ ಅಂತ ಹಾಡಿದ. ಕನ್ನಡದ ಜನ ಇಬ್ಬರನ್ನೂ ಇಟ್ಟುಕೊಂಡರು. ಒಬ್ಬನು ಧರ್ಮದ್ರೋಹಿ, ಇನ್ನೊಬ್ಬನು ಭಕ್ತ ಅಂತ ಪಂಗಡ ಕಟ್ಟಲಿಲ್ಲ.

ಹಳ್ಳಿಗಳಲ್ಲಿ ಇದು ಇನ್ನೂ ನಡೆದಿದೆ. ಮೊಹರಂ ಬಂದರೆ ಕಲಬುರಗಿ, ಯಾದಗಿರಿ ಕಡೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ಯುದ್ಧ, ನೀರಿಲ್ಲದೆ ಒಣಗಿದ ಮಕ್ಕಳ ಗಂಟಲು, ಹುಸೇನರ ಸಾವು. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅದೇ ಊರಿನವರು ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕರ್ಣನೋ ರಾವಣನೋ ಆಗಿ ಬೆಳತನಕ ಕುಣಿಯುತ್ತಾರೆ. ಮೊದಲು ಗಣಪತಿ ಪೂಜೆ, ಆಮೇಲೆ ರಂಗದ ಮೇಲೆ ದೇವರಿಗೇ ಸವಾಲು. ಎರಡರ ನಡುವೆ ಅವರಿಗೆ ಯಾವ ಇಕ್ಕಟ್ಟೂ ಕಾಣುವುದಿಲ್ಲ.

ಹಾಗಾದರೆ ಮುಂದೆ ಬರುವ ಎರಡು ಸಿನಿಮಾದಲ್ಲಿ ಏನು ಹುಡುಕಬೇಕು? ಒಡಿಸ್ಸಿಯ ಮಟ್ಟಿಗೆ 2024ರ ‘ದಿ ರಿಟರ್ನ್’ ದೇವತೆಗಳನ್ನು ಪೂರ್ತಿ ಕೈಬಿಟ್ಟು ಯುದ್ಧದಿಂದ ಬಸವಳಿದು ಬಂದ ಮನುಷ್ಯನನ್ನು ತೋರಿಸಿತು. ಅದು ಗೌರವದಿಂದ ಮಾಡಿದ ಆಯ್ಕೆ, ನನಗೆ ಅದರ ಬಗ್ಗೆ ಸಿಟ್ಟಿಲ್ಲ. ನೋಲನ್ ಅವರದರಲ್ಲಿ ನನಗೆ ಬೇಕಾದ ದೃಶ್ಯ ಒಂದೇ. ಟ್ರಾಯ್ ಯುದ್ಧ ಮುಗಿಸಿ ಹೊರಟ ನಾಯಕ ಒಡಿಸ್ಸಿಯಸ್ ಕೊನೆಗೂ ತನ್ನ ದ್ವೀಪ ಮುಟ್ಟಿದಾಗ ಅಥೀನಾ ಎದುರಾಗುತ್ತಾಳೆ. ಟ್ರಾಯ್‌ನಲ್ಲಿ ನನ್ನ ಜೊತೆಗಿದ್ದೆ, ಆಮೇಲೆ ನನ್ನ ಹಡಗಿನ ಕಡೆ ನೀನು ಬಂದದ್ದನ್ನೇ ನಾನು ಕಾಣಲಿಲ್ಲ ಅಂತ ಅವನು ನೇರವಾಗಿ ಹೇಳುತ್ತಾನೆ. ನನ್ನ ಚಿಕ್ಕಪ್ಪ, ಸಮುದ್ರದೇವ ಪೊಸೈಡನ್ ಜೊತೆ ಜಗಳ ಬೇಡ ಅಂತ ಸುಮ್ಮನಿದ್ದೆ ಅನ್ನುತ್ತಾಳೆ ಅವಳು. ಆಮೇಲೆ ಇಬ್ಬರೂ ಆಲಿವ್ ಮರದ ಬುಡದಲ್ಲಿ ಕೂತು ಶತ್ರುಗಳನ್ನು ಹೇಗೆ ಮುಗಿಸುವುದು ಅಂತ ಲೆಕ್ಕ ಹಾಕುತ್ತಾರೆ. ಇದನ್ನು ನಗು ಬರದ ಹಾಗೆ, ನಂಬುವ ಹಾಗೆ ತೆಗೆದರೆ ನೋಲನ್ ಅವರಿಗೆ ನನ್ನ ನಮಸ್ಕಾರ.

ರಾಮಾಯಣದಲ್ಲಿ ಚಿತ್ರಕೂಟ ಬಂದರೆ ಅಲ್ಲಿ ಹಿಂಡಿಯ ಪಿಂಡ ಇದೆಯಾ, ಜಾಬಾಲಿಗೆ ಪೂರ್ತಿ ಮಾತಾಡಲು ಬಿಟ್ಟಿದ್ದಾರಾ ಅಂತ ನೋಡುತ್ತೇನೆ. ಯಶ್ ಅವರ ರಾವಣನ ಬಗ್ಗೆ ನನಗೆ ಆಸೆ ಜಾಸ್ತಿ. ಉತ್ತರಕಾಂಡದಲ್ಲಿ ರಾವಣ ದಾರಿಗೆ ಅಡ್ಡವಾಯಿತು ಅಂತ ಶಿವ ಇರುವ ಬೆಟ್ಟಕ್ಕೇ ಕೈ ಹಾಕಿ ಎತ್ತುತ್ತಾನೆ. ಶಿವ ಕಾಲಿನ ಹೆಬ್ಬೆರಳಿನಿಂದ ಒತ್ತುತ್ತಾನೆ, ತೋಳು ಸಿಕ್ಕಿಕೊಂಡು ಅವನು ಲೋಕ ನಡುಗುವ ಹಾಗೆ ಕಿರುಚುತ್ತಾನೆ, ಸಾವಿರ ವರ್ಷ ಅಳುತ್ತಾ ಸ್ತುತಿ ಮಾಡುತ್ತಾನೆ. ಶಿವ ಮೆಚ್ಚಿ ಬಿಡಿಸಿ, ರಾವಣ ಅನ್ನುವ ಹೆಸರನ್ನೂ ಚಂದ್ರಹಾಸ ಖಡ್ಗವನ್ನೂ ಕೊಡುತ್ತಾನೆ. ಅವನು ಶಿವಭಕ್ತ ಆದದ್ದು ಹೀಗೆ, ಸೊಕ್ಕಿನಿಂದ ಬೆಟ್ಟ ಅಲ್ಲಾಡಿಸಿ. ಬರೀ ಭಸ್ಮ, ರುದ್ರಾಕ್ಷಿ, ಹಿನ್ನೆಲೆಯಲ್ಲಿ ಒಂದು ಸ್ತೋತ್ರ ಇಟ್ಟು ‘ನೋಡಿ, ಎಷ್ಟು ದೊಡ್ಡ ಭಕ್ತ’ ಅಂದರೆ ಚಹಾದಂಗಡಿಯಲ್ಲಿ ಮೊದಲು ತಕರಾರು ತೆಗೆಯುವವನು ನಾನೇ.